ಹೆಡ್‌ಫೋನ್ ಬಳಕೆ ಮತ್ತು ಯುವಜನರ ಶ್ರವಣ

ಹೆಡ್‌ಫೋನ್, ಇಯರ್‌ಫೋನ್‌ಗಳಲ್ಲಿ ಜೋರು ಸದ್ದನ್ನು ಬಹಳ ಹೊತ್ತು ಕೇಳಿದರೆ ಒಳಗಿವಿಯ ಕಾಕ್ಲಿಯಾದ ರೋಮಕೋಶಗಳು ದಣಿದು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಕುಂದುವುದು 4,000 ಹರ್ಟ್ಸ್ ಆಸುಪಾಸಿನ ಕೇಳ್ಮೆ. ಆಮೇಲೆ ಗದ್ದಲದಲ್ಲಿ ‘ಸ’, ‘ತ’ದಂಥ ವ್ಯಂಜನಗಳು ಮಸುಕಾಗುತ್ತವೆ. ಕಿವಿ ಗುಂಯ್‌ಗುಡುವುದನ್ನು ಯಾರೂ ಕಡೆಗಣಿಸಬಾರದು.

ಕಣಗಿನಹಾಳದಂಥ ಊರುಗಳಿಂದ ಗದಗಿನ ಕಾಲೇಜುಗಳಿಗೆ ಬಸ್ಸಿನಲ್ಲಿ ಓಡಾಡುವವರಿಗೆ ಅಪಾಯ ಹೆಚ್ಚು: ಎಂಜಿನ್ ಸದ್ದನ್ನು ಮೀರಿಸಲು ಅರಿವಿಲ್ಲದೆಯೇ ವಾಲ್ಯೂಮ್ ಏರಿಸುತ್ತಾರೆ. ಇಳಿದು ರಸ್ತೆ ದಾಟುವಾಗ ಹಾರನ್ ಕೇಳಿಸದಿದ್ದರೆ ಜೀವಕ್ಕೇ ಕುತ್ತು.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಸದ್ದು 90 ಡೆಸಿಬೆಲ್‌ಗೆ ಏರಿದರೆ ಬರೀ 4 ಗಂಟೆ. ಮಕ್ಕಳಿಗೆ ಮಿತಿ 75 ಡೆಸಿಬೆಲ್. ಕೇಳ್ಮೆ ಕುಂದಿದೆಯೆಂಬ ಸಂಶಯವಿದ್ದವರು ಅದನ್ನು ಅಳೆಯುವ ಆಡಿಯೋಮೆಟ್ರಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ಸೌಲಭ್ಯವಿದೆ.