ಸೀಳುಗಂಡಿಯ ಅಗಲ: ಬೆಳಕಿನ ಇತಿಹಾಸದ ಒಂದು ಪ್ರಕರಣ

ಬೆಳಕು ಅಲೆಯೆಂಬ ವಾದಕ್ಕೆ ಬಲವಾದ ಆಧಾರವನ್ನೊದಗಿಸಿದವನು ಥಾಮಸ್ ಯಂಗ್. ಒಂದೇ ಮೂಲದ ಬೆಳಕು ಎರಡು ಕಿರುಗಂಡಿಗಳ ಮೂಲಕ ಹಾಯ್ದು ತೆರೆಯ ಮೇಲೆ ಕೂಡಿದಾಗ ಬೆಳಕು ಕತ್ತಲೆಗಳ ಪಟ್ಟೆಗಳು ಮೂಡುವುವೆಂದು 1807ರಲ್ಲಿ ಅಚ್ಚಾದ ತನ್ನ ಉಪನ್ಯಾಸಗಳಲ್ಲಿ ಅವನು ವಿವರಿಸಿದನು. ಪಟ್ಟೆಗಳ ನಡುವಣ ಅಂತರವನ್ನು ಗೊತ್ತುಮಾಡುವುದು ಗಂಡಿಗಳ ನಡುವಣ ದೂರ. ಪಾಠಗಳಲ್ಲಿ ಅದಕ್ಕೇ ಪ್ರಾಶಸ್ತ್ಯ. ಗಂಡಿಯ ಅಗಲದ ಮಾತು ಹಿಂದುಳಿಯುತ್ತದೆ.

ಆದರೆ ಅಗಲವೇ ಇಲ್ಲದ ಗಂಡಿಯಿಂದ ಬೆಳಕು ಬಾರದು. ಗಂಡಿಯ ಪ್ರತಿಯೊಂದು ಬಿಂದುವೂ ಹೊಸ ಅಲೆಗಳ ಮೂಲವೆಂದು ಭಾವಿಸಿ ಫ್ರೆನೆಲನು 1818ರಲ್ಲಿ ಗಣಿತವನ್ನು ಕಟ್ಟಿದನು. ಅದರಂತೆ, ಒಂದೇ ಗಂಡಿಯಿಂದ ಹೊರಟ ಬೆಳಕೂ ತನ್ನೊಳಗೇ ವ್ಯತಿಕರಣಗೊಳ್ಳುತ್ತದೆ, ಇದೇ ವಿವರ್ತನೆ. ಯಂಗನ ಪಟ್ಟೆಗಳೆಲ್ಲ ಈ ವಿವರ್ತನೆಯ ಹರಹಿನೊಳಗೇ ಕಾಣಬೇಕು. ಗಂಡಿಗಳ ನಡುವಣ ದೂರವು ಅಗಲದ 3 ಪಟ್ಟಿದ್ದರೆ ನಡುವಣ ಹರಹಿನಲ್ಲಿ 5 ಬೆಳಕಿನ ಪಟ್ಟೆಗಳಿರುತ್ತವೆ. ಮೂರನೆಯ ಸಾಲಿನ ಪಟ್ಟೆ ಕಾಣೆಯಾಗುತ್ತದೆ. ಅಗಲವನ್ನು ಅರ್ಧಕ್ಕಿಳಿಸಿದರೆ ಪಟ್ಟೆಗಳು 11 ಆಗುತ್ತವೆ. ಆದರೆ ಒಟ್ಟು ಬೆಳಕು ಅರ್ಧವಾಗಿ, ಅದೂ ಇಮ್ಮಡಿ ಹರಹಿಗೆ ಹಂಚಿಹೋಗುವುದರಿಂದ ನಡುಪಟ್ಟೆಯ ಹೊಳಪು ಕಾಲುಭಾಗಕ್ಕಿಳಿಯುತ್ತದೆ. ಪಟ್ಟೆಗಳ ನಡುವಣ ಅಂತರ ಮಾತ್ರ ಕದಲದು.

ಈ ವಿಚಾರಕ್ಕೆ ಭಾರತದ ನಂಟು ಹಳೆಯದು. ಚಂದ್ರಶೇಖರ ವೆಂಕಟರಾಮನ್ನರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ, 1906ರಲ್ಲಿ, ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಪ್ರಕಟಿಸಿದ ಮೊದಲ ಲೇಖನದ ವಿಷಯವೇ ಆಯತಾಕಾರದ ಗಂಡಿಯ ವಿವರ್ತನೆ. ಬೆಳಕು ತೀರ ಓರೆಯಾಗಿ ಬಿದ್ದಾಗ ಪಟ್ಟೆಗಳು ಎರಡು ಬದಿಗೂ ಸಮನಾಗಿರವೆಂದು ಅವರು ತೋರಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದ ಅವರು 1948ರಲ್ಲಿ ಅಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು.

ಅದೇ ಸಂಸ್ಥೆಯಲ್ಲಿ ಗಂಡಿಯ ಪ್ರಶ್ನೆ ಮತ್ತೆ ಎದ್ದಿತು. ಒಂದೊಂದೇ ಗಂಡಿಯನ್ನು ತೆರೆದಾಗಿನ ಅಲೆಗಳನ್ನು ಕೂಡಿಸಿದರೆ ಎಲ್ಲವೂ ತೆರೆದಾಗಿನ ಅಲೆ ದೊರೆಯುವುದೆಂಬುದು ವಾಡಿಕೆಯ ಲೆಕ್ಕ. ವಾಸ್ತವದಲ್ಲಿ ಒಂದು ಗಂಡಿಯನ್ನು ಮುಚ್ಚಿದೊಡನೆ ಅಲೆ ಎದುರಿಸುವ ತಡೆಯೇ ಬೇರೆಯಾಗುತ್ತದೆ. ಊರ್ಬಸಿ ಸಿನ್ಹಾ ಮತ್ತು ಸಂಗಡಿಗರು 2014ರಲ್ಲಿ ಈ ವ್ಯತ್ಯಾಸವನ್ನು ಮೂರು ಗಂಡಿಗಳ ವ್ಯವಸ್ಥೆಗೆ ಲೆಕ್ಕಹಾಕಿದರು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಅತ್ಯಲ್ಪ. ಗಂಡಿಯ ಅಳತೆ ಅಲೆಯುದ್ದಕ್ಕೆ ಸಮೀಪಿಸಿದಂತೆ ಹೆಚ್ಚು. ಸೆಂಟಿಮೀಟರುಗಳ ಅಲೆಯುದ್ದವುಳ್ಳ ಸೂಕ್ಷ್ಮತರಂಗಗಳಿಂದ ಅವರ ತಂಡ ಮುಂದೆ ನಡೆಸಿದ ಪ್ರಯೋಗದಲ್ಲಿ ವ್ಯತ್ಯಾಸ ಅಳತೆಗೆ ಸಿಕ್ಕಿತು; 2018ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು.

ಯಂಗನ ತತ್ತ್ವ ಇದರಿಂದ ಸುಳ್ಳಾಗಲಿಲ್ಲ. ಅದನ್ನು ಗಂಡಿಗಳಿಗೆ ಅನ್ವಯಿಸುವ ಸುಲಭ ಲೆಕ್ಕದ ಎಲ್ಲೆ ಮಾತ್ರ ಗೊತ್ತಾಯಿತು. ಉಪೇಕ್ಷಿಸಬಹುದೆಂದು ಬದಿಗಿಟ್ಟ ಅಗಲವೇ ಆ ಎಲ್ಲೆಯನ್ನು ತೋರಿಸಿಕೊಟ್ಟಿತು.