ಜ್ಯಾ
ಬಿಲ್ಲಿನ ಹೆದೆಗೆ ಸಂಸ್ಕೃತದಲ್ಲಿ ಜ್ಯಾ. ವೃತ್ತದ ಕಂಸವೇ ಬಿಲ್ಲಾದರೆ ತುದಿಗಳನ್ನು ಸೇರಿಸುವ ಗೆರೆಯೇ ಹೆದೆ. 499ರಲ್ಲಿ ಆರ್ಯಭಟ ಲೆಕ್ಕಕ್ಕೆ ಹಿಡಿದದ್ದು ಅರ್ಧ ಹೆದೆ, ಅರ್ಧಜ್ಯಾ. ಅದು ಸವೆದು ಜ್ಯಾ ಆಯಿತು; ಅದಕ್ಕೆ ಜೀವಾ ಎಂದೂ ಹೆಸರು. ಅರಬ್ಬರ ಬಾಯಲ್ಲಿ ‘ಜೀಬ’. ಹ್ರಸ್ವ ಸ್ವರ ಬರೆಯದ ಆ ಲಿಪಿಯಲ್ಲಿ ಅದನ್ನು ‘ಜೈಬ್’ ಎಂದೂ ಓದಬಹುದು, ಅಂದರೆ ಉಡುಪಿನ ಮಡಿಕೆ. ನಮ್ಮ ಅಂಗಿಯ ಜೇಬೂ ಅದೇ ಮಾತು! 12ನೇ ಶತಮಾನದ ಲ್ಯಾಟಿನ್ ಅನುವಾದಕರು ಮಡಿಕೆಯನ್ನೇ ಹಿಡಿದು ‘ಸೈನಸ್’ ಎಂದರು. ಶಾಲೆಯ ಪುಸ್ತಕದಲ್ಲಿ ಜ್ಯಾ ಈಗಲೂ ಇಡೀ ಹೆದೆ. ಅರ್ಧ ಹೆದೆ ಮಾತ್ರ ಸೈನ್ ಆಗಿ ಮರಳಿತು.

ಅದೇ ಸೈನ್ ಈ ಅವಕಲ ಸಮೀಕರಣದಲ್ಲೂ ಅಡಗಿದೆ: ಡಿವೈ/ಡಿಎಕ್ಸ್ = √(1−ವೈ²). ಚರಗಳನ್ನು ಬೇರ್ಪಡಿಸಿದರೂ ವರ್ಗಮೂಲ ಅಡ್ಡ ನಿಲ್ಲುತ್ತದೆ. ವೈ = ಸೈನ್ ಥೀಟಾ ಎಂದಿಡಿ. ಮೇಲೂ ಕೆಳಗೂ ಕಾಸ್ ಥೀಟಾ; ಎರಡೂ ಹೊಡೆದುಹೋಗಿ ಥೀಟಾ = ಎಕ್ಸ್ + ಸ್ಥಿರಾಂಕ. ವೈ ಮೊದಲಿಂದಲೂ ಅರ್ಧ ಹೆದೆಯೇ ಆಗಿತ್ತು.