ನೈನ್‌ಪಿನ್ ಬೌಲಿಂಗ್: ಹೆಚ್ಚು ಪಿನ್ ಬೀಳಿಸಿದ ತಂಡವೇ ಗೆಲ್ಲುತ್ತದೆಯೇ?

ಬೌಲಿಂಗ್ ಎಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಮೊದಲು ನೆನಪಾಗುವುದು ಕ್ರಿಕೆಟ್. ಆಮೇಲೆ ದೊಡ್ಡ ಊರಿನ ಮಾಲ್‌ಗಳಲ್ಲಿರುವ ಹತ್ತು ಪಿನ್‌ಗಳ ಆಟ. ಯುರೋಪಿನ ಪುರುಷರ ಕ್ಲಬ್‌ಗಳು ಚಾಂಪಿಯನ್ಸ್ ಲೀಗ್‌ನಲ್ಲಿ ಆಡುವ ನೈನ್‌ಪಿನ್ ಇವೆರಡೂ ಅಲ್ಲ. ಇಲ್ಲಿ ಪಿನ್‌ಗಳು ಒಂಬತ್ತು, ಚೆಂಡಿಗೆ ಬೆರಳು ತೂರಿಸುವ ತೂತುಗಳಿಲ್ಲ. 16 ಸೆಂ.ಮೀ. ವ್ಯಾಸದ, ಮೂರು ಕೆ.ಜಿ.ಗಿಂತ ತುಸು ಕಡಿಮೆ ತೂಕದ ಚೆಂಡನ್ನು ಅಂಗೈಯಲ್ಲಿ ಹಿಡಿದು ಉರುಳಿಸಬೇಕು.

ಪ್ರತಿ ತಂಡದಲ್ಲಿ 6 ಆಟಗಾರರು. ಒಬ್ಬೊಬ್ಬರೂ ಒಬ್ಬ ಎದುರಾಳಿಯ ಜೊತೆ 4 ಸೆಟ್ ಆಡುತ್ತಾರೆ. ಸೆಟ್‌ಗೆ 30ರಂತೆ ಒಟ್ಟು 120 ಎಸೆತ. ಪ್ರತಿ ಸೆಟ್‌ನ ಮೊದಲ 15 ಎಸೆತಗಳಿಗೆ ಪ್ರತಿಸಲವೂ ಒಂಬತ್ತು ಪಿನ್ ನಿಲ್ಲಿಸುತ್ತಾರೆ. ಉಳಿದ 15ರಲ್ಲಿ, ನಿಂತಿರುವುದನ್ನೆಲ್ಲ ಬೀಳಿಸಿದ ಮೇಲೆಯೇ ಹೊಸ ಒಂಬತ್ತು. ಗೋಲಿಗುಂಡ ಆಡಿದವರಿಗೆ ಇದರ ಕಷ್ಟ ಗೊತ್ತು: ಗುಂಪಿಗೆ ಹೊಡೆಯುವುದು ಸುಲಭ, ಒಂಟಿಯಾಗಿ ಉಳಿದದ್ದಕ್ಕೆ ಹೊಡೆಯುವುದಲ್ಲ.

ಹಾಗಾದರೆ ಹೆಚ್ಚು ಪಿನ್ ಬೀಳಿಸಿದವರೇ ಗೆಲ್ಲುತ್ತಾರೆಯೇ? ಹಾಗೇನೂ ಇಲ್ಲ. ನಮಗೆ ಕುತೂಹಲ ಹುಟ್ಟಿಸಿದ್ದೂ ಈ ಲೆಕ್ಕವೇ. ಪ್ರತಿ ಮುಖಾಮುಖಿಗೆ 1 ಅಂಕ, ತಂಡದ ಒಟ್ಟು ಪಿನ್ ಹೆಚ್ಚಿದ್ದರೆ 2 ಅಂಕ. ಒಂದು ತಂಡ ಐದು ಮುಖಾಮುಖಿಗಳನ್ನು ಎರಡು-ಮೂರು ಪಿನ್ ಅಂತರದಲ್ಲಿ ಗೆದ್ದು, ಆರನೆಯದನ್ನು 80 ಪಿನ್‌ಗಳಿಂದ ಸೋತಿತೆನ್ನಿ. ಒಟ್ಟು ಪಿನ್‌ನಲ್ಲಿ ಅದು ಹಿಂದೆ. ಆದರೂ ಪಂದ್ಯ 5–3ರಿಂದ ಅದರದ್ದೇ. ಮುಖಾಮುಖಿಯೊಳಗೂ ಹೆಚ್ಚು ಸೆಟ್ ಗೆದ್ದವನೇ ವಿಜೇತ. ಸೆಟ್ ಸಮವಾದರೆ ಮಾತ್ರ ಪಿನ್ ಎಣಿಕೆ.

ಹೀಗಾಗಿ ಒಬ್ಬನೇ ಸ್ಟಾರ್ ಆಟಗಾರನನ್ನು ನಂಬಿದರೆ ಕಪ್ ಬರುವುದಿಲ್ಲ, ಆರೂ ಜನ ಗಟ್ಟಿಯಿರಬೇಕು. ಈ ಕಪ್ಪನ್ನು ಹಲವು ಬಾರಿ ಗೆದ್ದಿರುವ ಕ್ಲಬ್ ಜರ್ಮನಿಯ ತ್ಸೆರ್ಬ್ಸ್ಟ್ ಊರಿನದು. ಜನಸಂಖ್ಯೆಯಲ್ಲಿ ಆ ಊರು ನಮ್ಮ ಬ್ಯಾಡಗಿಗಿಂತ ಚಿಕ್ಕದು.